ಬಟ್ಟಲಿನ ಚಿತ್ರ, ಕಂಡಕ್ಟರರ ಅಂಗೈ

ಆ ಬಟ್ಟಲಿನ ಚಿತ್ರ ಈಗಲೂ ಯಾವುದಾದರೂ ಗೋಡೆಯ ಮೇಲೆ ಕಂಡರೆ ನನಗೆ ಓಕರಿಕೆ ಬರುತ್ತದೆ. ಒಂದು ದುಂಡನೆಯ ಬಟ್ಟಲು, ಅದರಿಂದ ಡೊಂಕಾಗಿ ಮೇಲೇಳುವ ಆವಿಯ ಗೆರೆಗಳು, ಪಕ್ಕದಲ್ಲಿ ಹಸಿರು ಬಣ್ಣದ ಸರಿ ಗುರುತು. ಅದರ ಕೆಳಗೆ ‘ನುಂಗುವಿಕೆಯ ನ್ಯೂನತೆಯುಳ್ಳ ಫಲಾನುಭವಿಗಳು ದ್ರವರೂಪದ ಪದಾರ್ಥಗಳ ಸೇವನೆಯನ್ನು ನಿರ್ಬಂಧಿಸತಕ್ಕದ್ದು’ ಎಂಬ ವಾಕ್ಯ. ಇದನ್ನು ಓದಬೇಕಾದವರು ಯಾರು ಅಂದುಕೊಂಡಿರಿ? ಪಾರ್ಶ್ವವಾಯು ಹೊಡೆದು ಮಾತು, ಓದು ಎರಡೂ ಕೈಬಿಟ್ಟವರು. ಅವರಿಗಾಗಿಯೇ ‘ಸುಲಭ ಓದಿನ ಹಾಳೆ’ ಎಂದು ಇದನ್ನು ಅಚ್ಚು ಹಾಕಿಸಿದ್ದರು. ಥೂ.

ನಾನು ಮಾತಿನ ಚಿಕಿತ್ಸೆ ಮಾಡುವವಳು. ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ಕುಳಿತುಕೊಳ್ಳುತ್ತೇನೆ, ಉಳಿದ ದಿನ ಭಟ್ಕಳದಿಂದ ಕುಮಟಾದವರೆಗೆ ಬಸ್ಸು ಹಿಡಿದು ಮನೆಮನೆಗೆ ಹೋಗುತ್ತೇನೆ. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಬುದ್ಧಿ ನೆಟ್ಟಗಿರುತ್ತದೆ, ನೆನಪು ನೆಟ್ಟಗಿರುತ್ತದೆ, ಆದರೆ ಶಬ್ದ ಸಿಗುವುದಿಲ್ಲ. ಅಕ್ಷರ ಕಣ್ಣಿಗೆ ಕಾಣುತ್ತದೆ, ಸಾಲು ಕಟ್ಟುವುದಿಲ್ಲ. ಇಂಥವರಿಗೆ ಬರೆದು ತಿಳಿಸಬೇಕಾದರೆ ಒಂದು ಪುಟಕ್ಕೆ ಒಂದೇ ಸಂಗತಿ, ದೊಡ್ಡ ಅಕ್ಷರದ ಒಂದೆರಡು ಶಬ್ದ, ಗೊಂದಲವಿಲ್ಲದ ಒಂದು ಚಿತ್ರ, ಸುತ್ತ ಖಾಲಿ ಜಾಗ ಬೇಕು. ಇದೇನು ಬ್ರಹ್ಮವಿದ್ಯೆ ಅಲ್ಲ.

ಒಂದು ಸಂಸ್ಥೆಯವರು ಮೂರೂ ತಾಲ್ಲೂಕಿಗೆ ಇಂಥ ಹಾಳೆ ಮಾಡಿಸುತ್ತೇವೆ ಎಂದು ಬಂದಾಗ ನಾನು ಕರಡು ಬರೆದುಕೊಟ್ಟೆ. ಮೊದಲ ಪುಟದಲ್ಲಿ ‘ಗಟ್ಟಿ ಗಂಜಿ’ ಎಂಬ ಎರಡು ಶಬ್ದ, ಒಂದು ಫೋಟೋ. ಸಭೆಯ ಮೇಲೆ ಸಭೆ ನಡೆಯಿತು. ಫೋಟೋ ‘ಬಡತನ ತೋರಿಸುತ್ತದೆ’ ಎಂದು ತೆಗೆದರು. ಶಬ್ದ ‘ಗ್ರಾಮ್ಯ’ವಾಯಿತು ಎಂದು ಬದಲಿಸಿದರು. ಖಾಲಿ ಜಾಗ ದಂಡವಾಗುತ್ತದೆ ಎಂದು ಅಲ್ಲಿ ಗಣ್ಯರ ಮುಖಗಳನ್ನು ತುಂಬಿದರು. ಇಷ್ಟೆಲ್ಲ ಆದಮೇಲೆ ಯೋಜನೆಯ ಸಂಯೋಜಕರು ನನಗೆ ಕರೆ ಮಾಡಿ, “ಮೇಡಂ, ನಿಮ್ಮ ಐಡಿಯಾನೇ, ಸ್ವಲ್ಪ ಸ್ಟ್ಯಾಂಡರ್ಡ್ ಮಾಡಿದ್ದೇವೆ ಅಷ್ಟೆ” ಎಂದರು. ನಾನು ಜಗಳವಾಡಿದೆ. ಅಚ್ಚಿಗೆ ಹೋಗಿಯಾಗಿದೆ ಎಂದರು. ಈಗಿರುವುದು ಮೊದಲ ಕಂತು, ತಿದ್ದುಪಡಿ ಇದ್ದರೆ ಬಿಡುಗಡೆ ಸಮಾರಂಭಕ್ಕೆ ಮುಂಚೆ ಕೊಡಿ, ಸೇರಿಸಿಕೊಳ್ಳೋಣ ಎಂದರು.

ಆ ಮೊದಲ ಕಂತಿನ ಹಾಳೆಯೊಂದು ಭಟ್ಕಳದ ಪಕ್ಕದ ಮುಟ್ಟಳ್ಳಿಯ ಕಂಡಕ್ಟರರ ಮನೆಗೆ ಹೋಯಿತು.

ಕಂಡಕ್ಟರ್ ಎಂದರೆ ಭಟ್ಕಳ–ಕುಮಟಾ ಲೋಕಲ್ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಟಿಕೆಟ್ ಹರಿದವರು. ಇನ್ನೂ ನೌಕರಿಯಲ್ಲಿದ್ದಾಗಲೇ ಬಲಗೈ, ಬಲಗಾಲು, ಮಾತು ಒಟ್ಟಿಗೇ ಹೋದವು. ಗಂಟಲಿನ ಒಂದು ಬದಿಯೂ ಸೋತಿತ್ತು. ನೀರಿನಂಥ ತೆಳ್ಳಗಿನದು ಅವರಿಗೆ ಅನ್ನನಾಳಕ್ಕೆ ಇಳಿಯುವ ಮೊದಲೇ ಶ್ವಾಸನಾಳಕ್ಕೆ ಜಾರುತ್ತಿತ್ತು, ಗಟ್ಟಿಯಾದದ್ದು ನಿಧಾನಕ್ಕೆ ಸರಿಯಾದ ದಾರಿ ಹಿಡಿಯುತ್ತಿತ್ತು. ಮೂಗಿನ ನಳಿಕೆ ತೆಗೆದು, ನುಣ್ಣಗೆ ಕಿವುಚಿದ ಗಟ್ಟಿ ಗಂಜಿಯನ್ನು ಸಣ್ಣ ಚಮಚದಲ್ಲಿ, ಗದ್ದ ಎದೆಗೆ ತಾಗಿಸಿ ನುಂಗುವ ಹಾಗೆ ಕಲಿಸಿ ನಾನೇ ಮನೆಗೆ ಕಳಿಸಬೇಕಿತ್ತು. ಆದರೆ ಅವರು ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ನಾನು ಕುಮಟಾದಲ್ಲಿದ್ದೆ. ವಾರ್ಡಿನಲ್ಲಿದ್ದವರು ಹಾಳೆಯನ್ನು ಅವರ ಮುಂದೆ ಹಿಡಿದು “ಅರ್ಥ ಆಯ್ತಾ?” ಎಂದು ಕೇಳಿದರಂತೆ. ಅವರು ತಲೆಯಾಡಿಸಿದರಂತೆ. ‘ರೋಗಿಗೆ ತಿಳಿಸಲಾಗಿದೆ’ ಎಂದು ಬರೆದು ಕೈತೊಳೆದುಕೊಂಡರು. ಅವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ ಎಂದು ನಾನು ಅದೇ ವಾರ್ಡಿನಲ್ಲಿ ಬಾಯಿ ಹರಿದುಕೊಂಡು ಹೇಳಿದ್ದೆ. ‘ನಿಮ್ಮ ಹೆಸರು ಗಾಂಪನಾ?’ ಎಂದು ಕೇಳಿದ್ದರೂ ತಲೆಯಾಡಿಸುತ್ತಿದ್ದರು.

ಸ್ವಲ್ಪ ದಿನದಲ್ಲೇ ಅವರು ಜ್ವರ, ಗೊರಗೊರ ಉಸಿರಿನೊಂದಿಗೆ ವಾಪಸು ಬಂದರು. ಶ್ವಾಸಕೋಶಕ್ಕೆ ಆಹಾರ ಇಳಿದು ನ್ಯುಮೋನಿಯಾ. ಹೇಗೋ ಪಾರಾದರು. ಡಾಕ್ಟರು ಅವರ ಹೆಂಡತಿಯನ್ನು ಕರೆದು, “ಇನ್ನೊಂದು ಸಲ ಹೀಗಾದರೆ ಬಾಯಿಂದ ಊಟ ಇಲ್ಲ. ಹೊಟ್ಟೆಗೇ ನಳಿಕೆ ಹಾಕಬೇಕಾಗ್ತದೆ. ಅದೂ ಅಲ್ಲಿತನಕ ಉಳಿದರೆ” ಎಂದರು. ಆ ಹೆಂಗಸು ಗೋಡೆಗೆ ಒರಗಿ ಕುಳಿತುಬಿಟ್ಟರು. ಕಂಡಕ್ಟರ್ ಹಾಸಿಗೆಯಿಂದ ಎಲ್ಲವನ್ನೂ ಕೇಳುತ್ತಿದ್ದರು. ಅವರ ಕಣ್ಣಿನಿಂದ ನೀರು ಇಳಿಯುವುದನ್ನು ನಾನು ನೋಡಿದೆ. ಡಾಕ್ಟರು ನೋಡಲಿಲ್ಲ, ಅವರು ಆಗಲೇ ಮುಂದಿನ ಹಾಸಿಗೆಗೆ ಹೋಗಿದ್ದರು.

ಅವರನ್ನು ಮನೆಗೆ ಕಳಿಸಿದ ದಿನವೇ, ಎಲ್ಲಿ ತಪ್ಪಿತು ಎಂದು ನೋಡಲು ನಾನು ಮುಟ್ಟಳ್ಳಿಗೆ ಹೋದೆ. ಗದ್ದೆಯಂಚಿನ ಹಂಚಿನ ಮನೆ, ಜಗಲಿಯಲ್ಲಿ ಮಂಚ, ಮಂಚದ ತಲೆಕಡೆ ಗೋಡೆಗೆ ಅದೇ ಹಾಳೆಯನ್ನು ಅನ್ನದಗುಳಿನಿಂದ ಅಂಟಿಸಿದ್ದರು. ಹೆಂಡತಿ ನನ್ನನ್ನು ‘ಅಕ್ಕೋರೇ’ ಎನ್ನುತ್ತಾರೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಹಾಗೆನ್ನುತ್ತಾರೆ, ಮಾತು ಕಲಿಸುವವಳಿಗೂ ಅದೇ ಸಾಕೆಂದು ಅವರೇ ತೀರ್ಮಾನಿಸಿದ್ದರು.

“ಎಂತ ಕೊಡ್ತಾ ಇದ್ರಿ ಊಟಕ್ಕೆ?” ಎಂದು ಕೇಳಿದೆ.

“ಆ ಚೀಟಿಲಿ ತೋರ್ಸಿದ್ದೇಯ, ಅಕ್ಕೋರೇ. ಗಂಜಿ. ಮತ್ತೆಂತದೂ ಮುಟ್ಸಲಿಲ್ಲ.”

“ಎಷ್ಟು ಗಟ್ಟಿ? ಒಂದು ಸಲ ಮಾಡಿ ತೋರಿಸಿ.”

ಅವರು ಒಳಗೆ ಹೋಗಿ ಬಟ್ಟಲಲ್ಲಿ ತಂದರು. ಮೇಲೆ ಆವಿ ಏಳುತ್ತಿತ್ತು, ಥೇಟ್ ಆ ಚಿತ್ರದ ಹಾಗೆ. ಒಳಗಿದ್ದದ್ದು ತೆಳಿ. ಗಂಜಿ ಬೆಂದಮೇಲೆ ಮೇಲೆ ನಿಲ್ಲುವ ನೀರು, ಅಗುಳಿಲ್ಲದ್ದು. ಚಿಟಿಕೆ ಉಪ್ಪು ಹಾಕಿದ್ದರು.

“ಇದು ತೆಳಿ ಅಲ್ಲವಾ?” ಎಂದೆ.

“ಹೌದು, ತೆಳಿಯೇಯ. ಹುಷಾರಿಲ್ಲದವ್ರಿಗೆ ಗಂಜಿ ಅಂದ್ರೆ ತೆಳಿ ಅಲ್ದಾ? ಅಗುಳು ಯಾರು ಕೊಡ್ತಾರೆ? ಮತ್ತೆ ಚಿತ್ರದಲ್ಲೂ ಅಗುಳು ಕಾಣೂದಿಲ್ಲ. ನೋಡಿ.”

ನೋಡಿದೆ. ಕಾಣುವುದಿಲ್ಲ. ಬಟ್ಟಲು ಇದೆ, ಆವಿ ಇದೆ, ಒಳಗೆ ಏನಿದೆ ಎಂಬುದನ್ನು ಬರೆದವನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಾನೆ. ಈ ಕರಾವಳಿಯಲ್ಲಿ ಜ್ವರ ಬಂದವನಿಗೆ, ಬಾಣಂತಿಗೆ, ಬಾಯಿ ಕೆಟ್ಟವನಿಗೆ ಮೊದಲು ಬಾಯಿಗೆ ಬೀಳುವುದೇ ತೆಳಿ. ಅದು ಪ್ರೀತಿಯ ಊಟ. ಗಂಡ ಬದುಕಲಿ ಎಂದು ಆ ಹೆಂಗಸು ದಿನವೂ ಅದನ್ನೇ ಸೋಸಿ, ಆರಿಸಿ, ಬಾಯಿಗೆ ಹೊಯ್ದಿದ್ದರು. ಹಸಿರು ಗುರುತು ಹಾಕಿ ಹಾಗೆ ಮಾಡಿ ಎಂದು ಹೇಳಿದ್ದು ನಾವು. ನನಗೆ ಆ ಹಾಳೆಯನ್ನು ಕಿತ್ತು ಅದನ್ನು ಮಾಡಿಸಿದವರ ಬಾಯಿಗೇ ತುರುಕಬೇಕು ಅನ್ನಿಸಿತು.

“ಅವ್ರಿಗೆ ಸಿಟ್ಟು ಮಾತ್ರ ಹೆಚ್ಚಾಗೋಗದೆ,” ಎಂದು ಹೆಂಡತಿ ಹೇಳಿದರು. “ತೆಳಿ ತಕಂಡು ಬಂದ್ರೆ ಮಂಚಕ್ಕೆ ಒಂದ್ಸಲ ರಪ್ಪಂತ ಬಡೀತ್ರು. ನಾ ಒತ್ತಾಯ ಮಾಡಿ ಕುಡ್ಸೂದು. ಎಂತ ಮಾಡೂದು, ಹೊಟ್ಟೆಗೆ ಏನಾರೂ ಹೋಗ್ಬೇಕಲ್ಲ.”

ಹಾಳೆ ಕಿತ್ತು ಚೀಲಕ್ಕೆ ಹಾಕಿದೆ. ಗಟ್ಟಿ ಗಂಜಿ ಮಾಡುವುದನ್ನು ತೋರಿಸಿಕೊಟ್ಟು ಬಸ್ಸು ಹತ್ತಿದೆ. ಸಂಜೆಯ ಬಸ್ಸು, ಕಾಲಿಡಲು ಜಾಗವಿಲ್ಲ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಬಸ್ಸಿನ ತಗಡಿಗೆ ಅಂಗೈಯಿಂದ ಒಂದು ಸಲ ಬಡಿದ, ಬಸ್ಸು ನಿಂತಿತು. ಜನ ಇಳಿದರು. ಎರಡು ಸಲ ಬಡಿದ, ಹೊರಟಿತು. ಹುಟ್ಟಿದಾರಭ್ಯ ಕೇಳಿದ ಸದ್ದು. ಆವತ್ತು ಮಾತ್ರ ನನ್ನ ಮೈ ಜುಮ್ಮೆಂದಿತು. ಮುಟ್ಟಳ್ಳಿಯ ಮನುಷ್ಯ ಮಂಚಕ್ಕೆ ಬಡಿಯುತ್ತಿದ್ದದ್ದು ಸಿಟ್ಟಿಗಲ್ಲ. ನಿಲ್ಲಿಸು ಎನ್ನುತ್ತಿದ್ದರು.

ಆದರೆ ನನ್ನ ಕೆಲಸದಲ್ಲಿ ಜುಮ್ಮೆಂದರೆ ಸಾಲದು, ಪರೀಕ್ಷೆ ಮಾಡಬೇಕು. ಮರುಸಲ ಹೋದಾಗ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಕೇಳಿದೆ. “ಒಂದು ಪೆಟ್ಟು ಅಂದರೆ ಅಲ್ಲ, ಎರಡು ಅಂದರೆ ಹೌದು. ನೀವು ಡ್ರೈವರಾ?” ಎಡಗೈ ಮಂಚದ ಪಟ್ಟಿಯ ಮೇಲೆ ಬಿತ್ತು, ಒಂದು. “ಕಂಡಕ್ಟರಾ?” ಎರಡು. “ನಾವೀಗ ಕುಮಟಾದಲ್ಲಿ ಇದ್ದೇವಾ?” ಒಂದು. ಕೇಳಿದ್ದನ್ನೇ ತಿರುಗಿಸಿ ಕೇಳಿದೆ, ಸುಳ್ಳು ಸೇರಿಸಿ ಕೇಳಿದೆ. ತಲೆ ಎಲ್ಲದಕ್ಕೂ ಹೌದೆಂದು ಆಡುತ್ತಲೇ ಇತ್ತು, ಕೈ ಮಾತ್ರ ತಪ್ಪಲಿಲ್ಲ. ಆಸ್ಪತ್ರೆಯಲ್ಲಿ ಯಾರೂ ಆ ಕೈಯನ್ನು ನೋಡಲೇ ಇಲ್ಲ. ಬೆಡ್ಡಿನ ಕಂಬಿಗೆ ಬಡಿಯುತ್ತಾರೆಂದು ಅದನ್ನು ಬಟ್ಟೆಯಿಂದ ಕಟ್ಟಿಹಾಕಿದ್ದರು ಎಂದು ಹೆಂಡತಿ ಆಮೇಲೆ ಹೇಳಿದರು.

ಆವತ್ತೇ ನಿರ್ಧಾರ ಮಾಡಿದೆ. ಹಾಳೆಯನ್ನು ಹೊಸದಾಗಿ ಮಾಡುವುದು, ಅದೂ ಮನೆಯವರಿಗಾಗಿ ಅಲ್ಲ, ಇವರಿಗಾಗಿ. ಇವರು ಎರಡು ಪೆಟ್ಟು ಹೊಡೆಯದೆ ಒಂದು ಚುಕ್ಕೆಯೂ ಅದರಲ್ಲಿ ಉಳಿಯಬಾರದು.

ಸುಲಭವಾಗಲಿಲ್ಲ. ಮೊದಲು ಅವರ ಮನೆಯ ಬಟ್ಟಲಲ್ಲೇ ಗಂಜಿಯನ್ನೂ ತೆಳಿಯನ್ನೂ ಇಟ್ಟು ಮೇಲಿನಿಂದ ಫೋಟೋ ತೆಗೆದೆ. ಮುದ್ರಿಸಿ ತಂದು ಅವರ ಮುಂದಿಟ್ಟರೆ ಎರಡೂ ಒಂದೇ ಬಿಳಿ. ಅವರು ನನ್ನ ಮುಖ ನೋಡಿ ಒಂದು ಪೆಟ್ಟು ಹೊಡೆದರು. ಎರಡನೆಯ ಸಲ ತೆಳಿಯನ್ನು ಲೋಟಕ್ಕೆ ಹಾಕಿ ಫೋಟೋ ತೆಗೆದು, ಅದರ ಮೇಲೆ ಕೆಂಪು ಕಾಟು ಹೊಡೆದು ತಂದೆ. ಬೇಕಾದ್ದನ್ನು ತೋರಿಸಿ ಎಂದರೆ ಅವರ ಬೆರಳು ನೇರ ಲೋಟಕ್ಕೇ ಹೋಯಿತು. ನುಡಿ ಕಳೆದುಕೊಂಡವರ ಕಣ್ಣು ಮೊದಲು ವಸ್ತುವನ್ನು ಹಿಡಿಯುತ್ತದೆ, ಕಾಟು ಬರೀ ಗೀಟಾಗಿ ಉಳಿಯುತ್ತದೆ. ನಾವು ಓದಿದವರು ಪಠ್ಯಪುಸ್ತಕದಲ್ಲಿ ಇದನ್ನು ಓದಿರುತ್ತೇವೆ, ಆಮೇಲೆ ಎಲ್ಲ ಪೋಸ್ಟರಿನಲ್ಲೂ ಕಾಟು ಹೊಡೆಯುತ್ತೇವೆ. ಮೂರನೆಯದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೆ. ಜಗಲಿಯ ಬೆಳಕು ಬಿದ್ದು ಫಳಫಳ ಹೊಳೆದು ಏನೂ ಕಾಣಲಿಲ್ಲ.

ಕೊನೆಗೆ ಹೆಂಡತಿ ಚಮಚ ಎತ್ತಿ ಹಿಡಿದರು, ನಾನು ಬದಿಯಿಂದ ಫೋಟೋ ತೆಗೆದೆ. ತೆಳಿ ಚಮಚದಿಂದ ದಾರದ ಹಾಗೆ ಸುರಿಯುತ್ತಿತ್ತು. ಗಟ್ಟಿ ಗಂಜಿ ಮುದ್ದೆಯಾಗಿ ನಿಂತು, ಆಮೇಲೆ ಧೊಪ್ಪೆಂದು ಬೀಳುತ್ತಿತ್ತು. ಈಗ ವ್ಯತ್ಯಾಸ ಕಂಡಿತು. ಕಾಟಿನ ಬದಲು ಅವರದೇ ಅಂಗೈಯ ಫೋಟೋ ತೆಗೆದೆ. ತೆಳಿ, ನೀರು, ಚಹಾದ ಪುಟಗಳಲ್ಲಿ ಒಂದು ಅಂಗೈ. ಗಟ್ಟಿ ಗಂಜಿಯ ಪುಟದಲ್ಲಿ ಎರಡು. ಪ್ರತಿ ಪುಟದಲ್ಲಿ ಒಂದೆರಡೇ ಶಬ್ದ, ಬಸ್ಸಿನ ಬೋರ್ಡಿನಷ್ಟು ದಪ್ಪಕ್ಷರದಲ್ಲಿ. ಪುಟಗಳನ್ನು ಒಂದೊಂದಾಗಿ ಮುಂದಿಟ್ಟೆ. ಅವರು ತೆಳಿಯ ಪುಟವನ್ನು ತುಂಬ ಹೊತ್ತು ನೋಡಿ, ತಮ್ಮ ಅಂಗೈಯನ್ನು ಫೋಟೋದ ಅಂಗೈಯ ಮೇಲೆ ಇಟ್ಟು, ಹೆಂಡತಿಯ ಕಡೆ ತಿರುಗಿ ಒಂದು ಪೆಟ್ಟು ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ ಎರಡು.

“ಅಯ್ಯ ದೇವ್ರೇ,” ಎಂದರು ಹೆಂಡತಿ ಮೆಲ್ಲಗೆ. “ಅಷ್ಟು ದಿನ ನೀವು ಬ್ಯಾಡ ಬ್ಯಾಡ ಹೇಳ್ತಾ ಇದ್ರಿ. ನಾ ಬಾಯಿ ಒತ್ತಿ ಕುಡ್ಸ್ದೆ.” ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕಂಡಕ್ಟರ್ ಎಡಗೈ ಚಾಚಿ ಅವರ ಭುಜವನ್ನು ತಟ್ಟಿದರು. ಅದಕ್ಕೆ ಲೆಕ್ಕ ಇರಲಿಲ್ಲ.

ಅದೇ ಪುಟಗಳನ್ನು ಚಿಕ್ಕದು ಮಾಡಿ, ಬಸ್ ಪಾಸಿನಷ್ಟು ಅಳತೆಯ ಕಾರ್ಡುಗಳನ್ನಾಗಿ ಅವರ ಅಂಗಿಯ ಜೇಬಿಗೆ ಹಾಕಿಕೊಟ್ಟೆ. ಜ್ವರ ಮತ್ತೆ ಬರಲಿಲ್ಲ. ಭಟ್ಕಳದಲ್ಲಿ ಇದೇ ತೊಂದರೆಯಿದ್ದ, ಮನೆಯಲ್ಲಿ ನವಾಯತಿ ಮಾತಾಡುವ ಒಬ್ಬ ಅಜ್ಜಿಗೂ ಅವೇ ಅಂಗೈಗಳನ್ನು ತೋರಿಸಿದೆ. ಅವರ ಮಗಳು, “ಬಸ್ ತರಹ?” ಎಂದು ನಕ್ಕಳು, ಅಜ್ಜಿ ಚಾಪೆಗೆ ಎರಡು ಬಾರಿ ತಟ್ಟಿದರು. ಮೈಲುಗಟ್ಟಲೆ ಬಸ್ಸಿನಲ್ಲೇ ಓಡಾಡಿದ ಊರುಗಳಿಗೆ ಅಂಗೈಯ ಭಾಷೆ ಯಾರೂ ಕಲಿಸಬೇಕಾಗಿರಲಿಲ್ಲ.

ಹೊಸ ಹಾಳೆ ಹಿಡಿದು ಸಂಸ್ಥೆಯ ಕಚೇರಿಗೆ ಹೋದೆ. ತೆಳಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಆ ಬಟ್ಟಲಿನಿಂದ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ ಎಂದೆ. ಮುಖ್ಯಸ್ಥರು ಪುಟ ತಿರುವಿ, “ಕೈ ಎಲ್ಲ ಸ್ವಲ್ಪ ಕಪ್ಪಾಗಿ ಬಂದಿದೆ ಅಲ್ವಾ?” ಎಂದರು. ಉಗುರಲ್ಲಿ ಮಣ್ಣು ಕಾಣುತ್ತದೆ ಎಂದರು. ಅಂಗೈ ಯಾವುದಾದರೂ ಪಕ್ಷದ ಗುರುತಿನಂತೆ ಕಂಡರೆ ಕಷ್ಟ ಎಂದು ಇನ್ನೊಬ್ಬರು ಸೇರಿಸಿದರು. ಸಂಯೋಜಕರು ನನ್ನನ್ನು ಹೊರಗೆ ಕರೆದುಕೊಂಡು ಬಂದು, “ಎರಡನೇ ಕಂತೂ ಪ್ರಿಂಟಾಗಿದೆ ಮೇಡಂ. ಕಾರ್ಯಕ್ರಮ ಮುಗೀಲಿ, ಮುಂದಿನ ವರ್ಷ ನೋಡುವ” ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹಾಳೆಯ ಮೇಲಿನ ನನ್ನ ಹೆಸರು ತೆಗೆಯಿರಿ ಎಂದೆ. ಅದಕ್ಕೆ ಮಾತ್ರ ತಕ್ಷಣ ಒಪ್ಪಿದರು.

ಬಿಡುಗಡೆ ಸಮಾರಂಭ ಕುಮಟಾದ ಒಂದು ಸಭಾಭವನದಲ್ಲಿ. ನಾನು ಹೋಗುವವಳಿರಲಿಲ್ಲ. ಬೆಳಿಗ್ಗೆ ಕಂಡಕ್ಟರರ ಹೆಂಡತಿಯ ಫೋನು ಬಂತು.

“ಅಕ್ಕೋರೇ, ಕಾರು ಬಂತು. ನೀವೇ ಕಳ್ಸಿದ್ದು ಅಲ್ದಾ? ನಾವು ಹತ್ತಿ ಕೂತ್ಕಂಡ್ವಿ. ಹೊನ್ನಾವರ ದಾಟಿ ಆತು.”

ಸಂಯೋಜಕರು ಆಸ್ಪತ್ರೆಯಿಂದ ವಿಳಾಸ ತೆಗೆದುಕೊಂಡು, ವೇದಿಕೆಗೆ ಒಬ್ಬ ‘ಫಲಾನುಭವಿ’ ಬೇಕೆಂದು ನೇರ ಕಾರು ಕಳಿಸಿದ್ದರು. ಸಿಕ್ಕ ಬಸ್ಸು ಹತ್ತಿ ಓಡಿದೆ.

ನಾನು ಸಭಾಭವನದ ಬಾಗಿಲಿಗೆ ಬಂದಾಗ ಕಂಡಕ್ಟರ್ ವೇದಿಕೆಯ ಮೇಲೆ, ಗಣ್ಯರ ಸಾಲಿನ ತುದಿಯಲ್ಲಿದ್ದರು. ಹೆಗಲಿಗೆ ಶಾಲು ಹೊದಿಸಿಯಾಗಿತ್ತು. ಮುಂದಿನ ಮೇಜಿನ ಮೇಲೆ ಆ ಹಾಳೆ, ಚೌಕಟ್ಟು ಕಟ್ಟಿಸಿದ್ದು, ಬಟ್ಟಲು ಆವಿ ಎಲ್ಲ ಸಮೇತ. ಹೆಂಡತಿಯನ್ನು ಕೆಳಗೆ ಮೂರನೆಯ ಸಾಲಿನಲ್ಲಿ ಕೂರಿಸಿದ್ದರು. ಮುಖ್ಯಸ್ಥರು ಮೈಕಿನಲ್ಲಿ, ನುಂಗಲಾಗದವರ ಬಾಳಿನಲ್ಲಿ ಈ ಹಾಳೆ ಹೇಗೆ ಬೆಳಕು ತಂದಿದೆ ಎಂದು ಹೇಳುತ್ತಿದ್ದರು. ಅವರು ಹೇಳುತ್ತಿದ್ದಂತೆಯೇ ಒಬ್ಬರು ಟ್ರೇ ಹಿಡಿದುಕೊಂಡು ಬಂದು ಪ್ರತಿಯೊಬ್ಬರ ಮುಂದೆ ಒಂದೊಂದು ಎಳನೀರು ಇಟ್ಟರು. ಕಂಡಕ್ಟರರ ಮುಂದೆಯೂ ಇಟ್ಟರು. ಕೆತ್ತಿ, ತೂತು ಮಾಡಿ, ಸ್ಟ್ರಾ ಸಿಕ್ಕಿಸಿದ್ದು.

ಹೇಳೋದು ಪುರಾಣ, ತಿನ್ನೋದು ಬದನೇಕಾಯಿ. ಎಳನೀರಿಗಿಂತ ತೆಳ್ಳಗಿನದು ಈ ಲೋಕದಲ್ಲಿ ಯಾವುದಿದೆ? ಆ ಸ್ಟ್ರಾದಲ್ಲಿ ಒಂದು ಗುಟುಕು ಎಳೆದರೆ ನೆಟ್ಟಗೆ ಶ್ವಾಸಕೋಶಕ್ಕೆ. ನಾನು ಕುರ್ಚಿಗಳ ನಡುವೆ ನುಗ್ಗಿದೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತ ಗಣ್ಯರೊಬ್ಬರು ಕಾಯಿಯನ್ನು ಎತ್ತಿ, ಸ್ಟ್ರಾವನ್ನು ಕಂಡಕ್ಟರರ ತುಟಿಗೇ ಹಿಡಿದರು. ಫೋಟೋದವನು ಮುಂದೆ ಬಂದ.

“ಕುಡೀರಿ, ಕುಡೀರಿ. ಊರಿನ ಸಿಯಾಳವೇ. ತಂಪಾಗ್ತದೆ.”

ಕಂಡಕ್ಟರರ ತಲೆ ಎಂದಿನಂತೆ ಹೌದು ಹೌದು ಎಂದು ಆಡಿತು. ಎಡಗೈ ಮೇಜಿನ ಮೇಲೆ ಬಿತ್ತು. ಒಂದು ಪೆಟ್ಟು. ಮೈಕು ಅದನ್ನು ಹಿಡಿದು ಇಡೀ ಭವನಕ್ಕೆ ಕೇಳಿಸಿತು. ಮುಖ್ಯಸ್ಥರು ಅರ್ಧ ವಾಕ್ಯಕ್ಕೆ ನಿಂತರು.

“ಏನೋ ಸಂತೋಷ ಆಗಿರ್ಬೇಕು ಪಾಪ,” ಎಂದರು ಆ ಗಣ್ಯರು. ಸ್ಟ್ರಾವನ್ನು ಇನ್ನೂ ಹತ್ತಿರ ತಂದರು.

ಮೂರನೆಯ ಸಾಲಿನಿಂದ ಹೆಂಡತಿ ಎದ್ದು ನಿಂತಿದ್ದರು. “ಕೊಡ್ಬ್ಯಾಡಿ. ಅವ್ರು ಬ್ಯಾಡ ಹೇಳ್ತಿದ್ರು. ನಿಮ್ಗೆ ಕೇಳೂದಿಲ್ವಾ?” ಎಂದರು. ಅಷ್ಟು ಜನರ ಮುಂದೆ ಆ ಹೆಂಗಸು ಬಾಯಿ ತೆರೆದದ್ದು ಅದೇ ಮೊದಲಿರಬೇಕು.

ಕಂಡಕ್ಟರ್ ಅಂಗಿಯ ಜೇಬಿಗೆ ಕೈ ಹಾಕಿದರು. ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಬೆರಳಿನಿಂದ ಒಂದೊಂದಾಗಿ ಸರಿಸಿ, ನೀರಿನದನ್ನು ಆರಿಸಿದರು. ಗಣ್ಯರು ಕಾಯಿಯನ್ನು ಕೆಳಗಿಟ್ಟಿದ್ದರು. ಕಂಡಕ್ಟರ್ ಸ್ಟ್ರಾ ಕಿತ್ತು ಬದಿಗಿಟ್ಟು, ಆ ಕಾರ್ಡನ್ನು ಎಳನೀರಿನ ತೂತಿನ ಮೇಲೆ ಮುಚ್ಚಿದರು. ಒಂದು ಅಂಗೈ, ಉಗುರಲ್ಲಿ ಮಣ್ಣು.

ಗಣ್ಯರು ಕಾರ್ಡನ್ನು ನೋಡಿದರು, ಚೌಕಟ್ಟಿನ ಹಾಳೆಯನ್ನು ನೋಡಿದರು. “ಇದು ಯಾವುದು? ನಮ್ಮದಲ್ಲವಲ್ಲ?” ಎಂದು ಮುಖ್ಯಸ್ಥರನ್ನು ಕೇಳಿದರು. ಮುಖ್ಯಸ್ಥರು ಮೈಕಿಗೆ ಕೈ ಅಡ್ಡ ಹಿಡಿದು ಸಂಯೋಜಕರನ್ನು ಹುಡುಕಿದರು. ಯಾರೋ ಚಪ್ಪಾಳೆ ಶುರುಮಾಡಿದರು, ಉಳಿದವರೂ ಹೊಡೆದರು. ನನಗೆ ಆ ಚಪ್ಪಾಳೆಯೇ ಎಲ್ಲಕ್ಕಿಂತ ಹೇಸಿಗೆ ಅನ್ನಿಸಿತು.

ನಾನು ವೇದಿಕೆಯ ಮೆಟ್ಟಿಲು ಹತ್ತಿ ಅವರ ಕುರ್ಚಿಯ ಪಕ್ಕ ನಿಂತೆ. ಹೆಂಡತಿಯೂ ಹತ್ತಿ ಬಂದರು. “ಇಲ್ಲಿ ಇನ್ನೂ ಕೂತಿರ್ತೀರಾ?” ಎಂದು ಕೇಳಿದೆ.

ಒಂದು ಪೆಟ್ಟು.

“ಮನೆಗೆ ಹೋಗುವಾ?”

ಅವರು ಹೆಗಲಿನ ಶಾಲನ್ನು ಎಡಗೈಯಿಂದ ಎಳೆದು ಚೌಕಟ್ಟಿನ ಹಾಳೆಯ ಮೇಲೆ ಹಾಕಿದರು. ಕಾರ್ಡನ್ನು ಒರೆಸಿ ಜೇಬಿಗೆ ಇಟ್ಟುಕೊಂಡರು. ಆಮೇಲೆ ಮೇಜಿಗೆ ಎರಡು ಪೆಟ್ಟು ಹೊಡೆದರು, ಹೊರಟೆವು.